ಕಡತ ಕಾಯುವವರು

ಕಂಪ್ಯೂಟರಿನ ಜೊತೆಗೆ ಕನ್ನಡಕ್ಕೆ ಬಂದ ಹೊಸ ಶಬ್ದಗಳಲ್ಲಿ ಎಷ್ಟೋ ಬಾಯಿಗೆ ಹತ್ತದೆ ಹೋದವು. ಆದರೆ ‘ಫೈಲ್’ ಎಂಬುದಕ್ಕೆ ‘ಕಡತ’ ಎಂದದ್ದು ಮಾತ್ರ ಮನೆಯ ಹಿರಿಯನನ್ನೇ ಕರೆತಂದು ಹೊಸ ಚಾವಡಿಯಲ್ಲಿ ಕೂರಿಸಿದಂತಾಯಿತು. ಕಡತವೆಂದರೆ ಮೂಲದಲ್ಲಿ ಬಟ್ಟೆಯ ಪುಸ್ತಕ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದು ಬಂದಿವೆ. ಮಠದ ದಾಖಲೆಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಓದಿ ಪ್ರಕಟಿಸಿದ್ದಾರೆ. ಕಡತದ ಗುಣವೂ ದೋಷವೂ ಒಂದೇ: ಅದರಲ್ಲಿ ಬರೆದದ್ದನ್ನು ಅಳಿಸಿ ತಿದ್ದಬಹುದು. ಆದ್ದರಿಂದ ಅದರ ಮೇಲಿನ ನಂಬಿಕೆ ಬಟ್ಟೆಗೆ ಸಂಬಂಧಿಸಿದ್ದಲ್ಲ, ಅದನ್ನು ಕಾಯುವವನಿಗೆ ಸಂಬಂಧಿಸಿದ್ದು.

ಈಗ ಹೇಳಹೊರಟಿರುವುದು ಇನ್ನೊಂದು ಬಗೆಯ ಕಡತಗಳ ಚರಿತ್ರೆ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಆ ಕಂಪೈಲರೂ ಸಾವಿರಾರು ಕಡತಗಳನ್ನು ಸೇರಿಸಿ ಕಟ್ಟಬೇಕಾದ ಪ್ರೋಗ್ರಾಮೇ. ಯಾವುದನ್ನು ಮೊದಲು ಕಟ್ಟಬೇಕು, ಎಂಥ ಯಂತ್ರದ ಮೇಲೆ ಕಟ್ಟುತ್ತಿದ್ದೇವೆ, ಅದರಲ್ಲಿ ಏನಿದೆ ಏನಿಲ್ಲ ಎಂಬುದನ್ನು ಹೇಳಲಿಕ್ಕೆಂದೇ ಬೇರೆ ಕಡತಗಳಿರುತ್ತವೆ. ಕಂಪೈಲರ್ ಬರೆದವರಿಗೆ ಕೀರ್ತಿ ಬರುತ್ತದೆ. ಈ ಕಡತಗಳನ್ನು ನೋಡಿಕೊಂಡವರ ಹೆಸರು ಕಡತದ ತಲೆಯ ಮೇಲಿನ ಟಿಪ್ಪಣಿಯಲ್ಲಿ ಉಳಿದರೆ ಅದೇ ದೊಡ್ಡದು.

ಈ ಕಥೆ 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಶುರುವಾಗುತ್ತದೆ. ಸ್ಟೀವ್ ಜಾನ್ಸನ್ ಎಂಬವರು ಒಂದು ಬೆಳಗ್ಗೆಯೆಲ್ಲ ತಮ್ಮ ಪ್ರೋಗ್ರಾಮಿನ ತಪ್ಪು ಹುಡುಕಿ ಬೇಸತ್ತರು. ತಪ್ಪನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಅವರ ಗೊಣಗಾಟ ಕೇಳಿದ ಸ್ಟೂವರ್ಟ್ ಫೆಲ್ಡ್‌ಮನ್, ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಬರೆದಿಟ್ಟರೆ ಉಳಿದದ್ದನ್ನು ತಾನೇ ನೋಡಿಕೊಳ್ಳುವ ‘ಮೇಕ್’ ಎಂಬ ಸಲಕರಣೆ ಮಾಡಿದರು. ಅದರ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್ ಒತ್ತಿಯೇ ಆರಂಭವಾಗಬೇಕು. ಬರಿಯ ಖಾಲಿ ಜಾಗ ಬಿಟ್ಟರೆ ನಡೆಯದು, ಕಣ್ಣಿಗೋ ಎರಡೂ ಒಂದೇ. ಈ ನಿಯಮ ಸರಿಯಿಲ್ಲವೆಂದು ಫೆಲ್ಡ್‌ಮನ್‌ಗೆ ಬೇಗನೇ ಹೊಳೆಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಅವರು ಹಾಗೇ ಬಿಟ್ಟರು. ಆ ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯವನ್ನು ಲಕ್ಷಾಂತರ ಜನ ಅನುಭವಿಸುತ್ತಿದ್ದೇವೆ.

1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಜಿಸಿಸಿ ಎಂಬ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಆಗ ಯಂತ್ರಗಳೋ ಹಲವು ಜಾತಿ. ಪ್ರತಿಯೊಂದರ ಗುಣಾವಗುಣಗಳನ್ನು ಪರೀಕ್ಷಿಸಿ ತಿಳಿಯುವ ಕಡತಗಳನ್ನು ತಾನೇ ಬರೆದುಕೊಡುವ ಆಟೋಕಾನ್ಫ್ ಎಂಬ ಸಲಕರಣೆಯನ್ನು 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದರು. ಅದೇ ಕಾಲದಲ್ಲಿ ಎರಡು ಸಣ್ಣ ಕಡತಗಳು ಹುಟ್ಟಿಕೊಂಡವು. ಅವುಗಳ ಮೇಲಿನ ಹಕ್ಕಿನ ವರ್ಷ 1992ರಿಂದ ಆರಂಭವಾಗುತ್ತದೆ. ಒಂದರ ಹೆಸರು ‘ಕಾನ್ಫಿಗ್ ಗೆಸ್’; ಅದು ತಾನು ಯಾವ ಯಂತ್ರದ ಮೇಲಿದ್ದೇನೆಂದು ಊಹಿಸುತ್ತದೆ. ಇನ್ನೊಂದು ‘ಕಾನ್ಫಿಗ್ ಸಬ್’. ಅದು ಯಂತ್ರದ ಅಡ್ಡಹೆಸರನ್ನು ಸರಿಹೆಸರಿಗೆ ತರುತ್ತದೆ.

ಇವುಗಳ ಕೆಲಸ ನಮ್ಮ ಸೀಮೆಯವರಿಗೆ ಹೊಸದಲ್ಲ. ಬರಿಯ ‘ಕೊಪ್ಪ’ ಎಂದರೆ ಯಾವ ಕೊಪ್ಪ? ಮದ್ದೂರು ತಾಲ್ಲೂಕಿನಲ್ಲೊಂದು ಕೊಪ್ಪವಿದೆ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಬೈಲಕುಪ್ಪೆಯ ಹತ್ತಿರ ಇನ್ನೊಂದಿದೆ. ಜಿಲ್ಲೆ, ತಾಲ್ಲೂಕು, ಊರು ಮೂರನ್ನೂ ಹೇಳಿದರೆ ಕಾಗದ ತಪ್ಪದೆ ಬರುತ್ತದೆ. ಯಂತ್ರದ ಹೆಸರನ್ನೂ ಹಾಗೆಯೇ ಪ್ರೊಸೆಸರ್ ಯಾವುದು, ತಯಾರಿಸಿದವರು ಯಾರು, ಆಪರೇಟಿಂಗ್ ಸಿಸ್ಟಂ ಯಾವುದು ಎಂದು ಮೂರು ತುಂಡಾಗಿ ಬರೆಯುತ್ತಾರೆ. ನರಸಿಂಹರಾಜಪುರದ ವಿಷಯ ಇನ್ನೂ ಸ್ವಾರಸ್ಯ. ಅದು ಎಡೇಹಳ್ಳಿಯಾಗಿತ್ತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ 1915ರಲ್ಲಿ ಹೊಸ ಹೆಸರು ಪಡೆಯಿತು. ಜನರ ಬಾಯಲ್ಲಿ ಎನ್.ಆರ್. ಪುರವಾಯಿತು. ಕಡೂರು ಜಿಲ್ಲೆ 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯಾಯಿತು. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ಹಳೆಯ ಪತ್ರದಲ್ಲಿ ‘ಕಡೂರು ಜಿಲ್ಲೆ ಎಡೇಹಳ್ಳಿ’ ಎಂದಿದ್ದರೆ ಅದು ಇದೇ ಊರೆಂದು ಹೇಳುವವನೊಬ್ಬ ಬೇಕು. ಎಎಂಡಿ ಕಂಪನಿಯವರು ‘ಎಎಂಡಿ 64’ ಎಂದು ಕರೆದ ಯಂತ್ರ ಈ ಕಡತದಲ್ಲಿ ‘ಎಕ್ಸ್86-64’ ಆಗುತ್ತದೆ. ‘ಆರ್ಮ್ 64’ ಎಂದದ್ದು ‘ಎಆರ್ಚ್ 64’ ಆಗುತ್ತದೆ. ಹಳೆಯ ಹೆಸರನ್ನು ತಳ್ಳಿಹಾಕುವಂತಿಲ್ಲ, ಹೊಸದನ್ನು ಅರಿಯದೆ ಇರುವಂತೆಯೂ ಇಲ್ಲ.

ಅರಿಯದಿದ್ದರೆ ಏನಾಗುತ್ತದೆ? ಆರ್ಮ್‌ನ 64 ಬಿಟ್ ಯಂತ್ರಗಳು 2011ರ ಘೋಷಣೆಯ ನಂತರ ಒಂದೊಂದಾಗಿ ಬಂದಾಗ ನೂರಾರು ಪ್ರೋಗ್ರಾಮುಗಳು ಅವುಗಳ ಮೇಲೆ ಕಟ್ಟಿಸಿಕೊಳ್ಳಲು ನಿರಾಕರಿಸಿದವು. ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ. ಪ್ರತಿಯೊಂದೂ ತನ್ನ ಚೀಲದಲ್ಲಿ ಊಹಿಸುವ ಕಡತದ ಹಳೆಯ ಪ್ರತಿಯೊಂದನ್ನು ಇಟ್ಟುಕೊಂಡಿತ್ತು, ಆ ಪ್ರತಿಗೆ ಹೊಸಬನ ಪರಿಚಯವಿರಲಿಲ್ಲ. ಹೊಸ ಪ್ರತಿ ಹಾಕಿದೊಡನೆ ಬಾಗಿಲು ತೆರೆಯಿತು. ಊಹಿಸುವ ಆ ಕಡತವನ್ನು ಮೊದಲು ಬರೆದವರು ಪರ್ ಬೋತ್ನರ್. 2000ದಿಂದ ನೋಡಿಕೊಂಡು ಬಂದವರು ಬೆನ್ ಎಲ್ಲಿಸ್ಟನ್. ಕಡತದ ತಲೆಬರಹದಲ್ಲಿ ಇಷ್ಟೇ ಇದೆ. ಜಗತ್ತಿನಲ್ಲಿ ಹೊಸ ಯಂತ್ರ ಹುಟ್ಟಿದಾಗಲೆಲ್ಲ ಅದಕ್ಕೊಂದು ಸಾಲು ಸೇರಿಸುವುದು ಎಂಥ ಸಹನೆಯ ಕೆಲಸವೆಂದು ಓದುಗರೇ ಊಹಿಸಬಹುದು.

ಈ ಕಾವಲಿನವರು ಬದಲಾವಣೆಗೆ ಅಂಜುವುದೂ ಉಂಟು. ಜಿಸಿಸಿಯ ಕಡತಗಳನ್ನು ಹೊಸದಾಗಿ ಬರೆಸಲು ಆಟೋಕಾನ್ಫ್‌ನ 2012ರ ಆವೃತ್ತಿಯೇ ಆಗಬೇಕೆಂಬ ನಿಯಮವಿತ್ತು. 2020ರಲ್ಲಿ ಹೊಸ ಆವೃತ್ತಿ ಬಂದ ಮೇಲೂ ಅದನ್ನು ಕೂಡಲೇ ಬಿಡಲಿಲ್ಲ. ಬೇರೆ ಆವೃತ್ತಿಯಿಂದ ಬರೆಸಿದರೆ ಸಾವಿರಾರು ಸಾಲು ಸುಮ್ಮನೆ ಅದಲುಬದಲಾಗಿ, ನಿಜವಾದ ತಿದ್ದುಪಡಿ ಯಾವುದೆಂದೇ ತಿಳಿಯದು. ಇನ್ನೊಂದು ಕಂಪೈಲರ್ ಎಲ್‌ಎಲ್‌ವಿಎಂ ಕೆಲಕಾಲ ಎರಡು ಪದ್ಧತಿಗಳನ್ನೂ ಒಟ್ಟಿಗೆ ಸಾಕಿತು. ಹೊಸ ಕಡತ ಸೇರಿಸಿದವನು ಎರಡೂ ಕಡೆ ಬರೆಯಬೇಕು, ಒಂದು ಕಡೆ ಮರೆತರೆ ಇನ್ನೊಬ್ಬನ ಕೆಲಸ ನಿಲ್ಲುತ್ತದೆ. ಕೊನೆಗೆ 2016ರಲ್ಲಿ ಹಳೆಯದನ್ನು ಕಿತ್ತುಹಾಕಿ ‘ಸಿಮೇಕ್’ ಒಂದನ್ನೇ ಉಳಿಸಿಕೊಂಡರು.

ಇಷ್ಟೆಲ್ಲ ಬರಿಯ ತಾಪತ್ರಯವೆಂದು ತಳ್ಳಿಹಾಕುವವರಿಗೆ 2024ರ ಮಾರ್ಚ್ 29ರ ಸುದ್ದಿ ಪಾಠವಾಗಬೇಕು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಲಕರಣೆ. ಜಿಸಿಸಿಯ ಮೂಲವನ್ನು ಹಂಚುವ ಮೂಟೆಗಳನ್ನೂ ಅದರಲ್ಲಿ ಕಟ್ಟುತ್ತಾರೆ. ಲಾಸೆ ಕಾಲಿನ್ ಎಂಬವರು ಅದನ್ನು ಸಂಬಳವಿಲ್ಲದೆ, ಬಹುಮಟ್ಟಿಗೆ ಒಬ್ಬರೇ ವರ್ಷಗಟ್ಟಲೆ ನೋಡಿಕೊಂಡಿದ್ದರು. ದಣಿದಿದ್ದ ಅವರಿಗೆ ನೆರವಾಗುತ್ತೇನೆಂದು ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಬಂದು, ಎರಡು ವರ್ಷಕ್ಕೂ ಮಿಕ್ಕಿ ನಿಷ್ಠೆಯಿಂದ ದುಡಿದು, ಬೀಗದ ಕೈ ಪಡೆದರು. ಆಮೇಲೆ ಹಿಂಬಾಗಿಲು ಇಟ್ಟರು. ಅದರ ಕೀಲು ಇದ್ದದ್ದು ಮುಖ್ಯ ಪ್ರೋಗ್ರಾಮಿನಲ್ಲಲ್ಲ, ಆಟೋಕಾನ್ಫ್‌ಗೆ ಸೇರಿದ ಒಂದು ಕಡತದಲ್ಲಿ. ಅದೂ ಎಲ್ಲರೂ ನೋಡುವ ಭಂಡಾರದಲ್ಲಿರದೆ, ಹಂಚುವ ಮೂಟೆಯಲ್ಲಿ ಮಾತ್ರ ಇತ್ತು. ಇನ್ನೊಂದು ಕಡತದಲ್ಲಿ ಒಂದೇ ಒಂದು ಚುಕ್ಕೆ ಸೇರಿಸಿ, ಒಂದು ರಕ್ಷಣೆಯ ಪರೀಕ್ಷೆ ಯಾವಾಗಲೂ ಸೋಲುವಂತೆ ಮಾಡಿದ್ದರು. ಯಾರೂ ಓದರೆಂಬ ಧೈರ್ಯವೇ ಅವರ ಬಂಡವಾಳ. ದೂರದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿದ್ದರಿಂದ ಗುಟ್ಟು ಬಯಲಾಯಿತು. ಇಲ್ಲವಾದರೆ ಅದು ಜಗತ್ತಿನ ಅಸಂಖ್ಯ ಯಂತ್ರಗಳನ್ನು ಹೊಕ್ಕುಬಿಡುತ್ತಿತ್ತು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗರಿದ್ದರು. ಅವರಿಲ್ಲದೆ ಊರಿನ ಲೆಕ್ಕ ನಡೆಯುತ್ತಿರಲಿಲ್ಲ. ಅವರ ಲೆಕ್ಕ ಅವರೊಬ್ಬರಿಗೇ ಗೊತ್ತಿರುವುದರಿಂದ ಊರಿಗೆ ಅವರ ಭಯವೂ ಇತ್ತು. 1961ರ ಕಾಯಿದೆ ಆ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತು. ಹುದ್ದೆ ಹೋಯಿತೇ ಹೊರತು ಕೆಲಸ ಹೋಗಲಿಲ್ಲ, ಅದು ಬೇರೆ ಕೈಗಳಿಗೆ ಬಂತು. ಕಂಪೈಲರಿನ ಕಡತಗಳದ್ದೂ ಇದೇ ಸಮಸ್ಯೆ. ಒಬ್ಬನೇ ಕಾದರೆ ಅವನು ದಣಿಯುತ್ತಾನೆ, ದಣಿದವನ ಬಾಗಿಲಿಗೆ ಯಾರು ಬೇಕಾದರೂ ಬರುತ್ತಾರೆ. ಎಲ್ಲರದೆಂದು ಬಿಟ್ಟರೆ ಯಾರೂ ಓದುವುದಿಲ್ಲ. ಮಲೆನಾಡಿನಿಂದ ಬೆಂಗಳೂರಿಗೆ ಹೋಗಿ ಈ ಉದ್ಯೋಗ ಹಿಡಿದ ತರುಣರು ಹೊಸ ಕಂಪೈಲರ್ ಬರೆಯುವ ಕನಸು ಕಾಣಲಿ, ಒಳ್ಳೆಯದೇ. ಅದರ ಜೊತೆಗೆ ಹೊಸ ಯಂತ್ರದ ಹೆಸರನ್ನು ಹಳೆಯ ಪಟ್ಟಿಗೆ ಸೇರಿಸುವ ಆ ಒಂದು ಸಾಲನ್ನೂ, ಇನ್ನೊಬ್ಬರು ಸೇರಿಸಿದ ಆ ಒಂದು ಚುಕ್ಕೆಯನ್ನೂ ಕೂತು ಓದುವವರು ಅವರಲ್ಲಿ ನಾಲ್ಕು ಜನ ಬೇಕು.