ಜೀರ್ಣೋದ್ಧಾರವೋ ಹೊಸ ನಿರ್ಮಾಣವೋ: 1892ರ ಒಪ್ಪಂದದಲ್ಲಿ ಕೆರೆಯ ಪ್ರಶ್ನೆ

ಮೈಸೂರು ಸಂಸ್ಥಾನ ಮತ್ತು ಮದರಾಸು ಸರ್ಕಾರಗಳ ನಡುವೆ 1892ರ ಫೆಬ್ರವರಿ 18ರಂದು ಏರ್ಪಟ್ಟ ಒಪ್ಪಂದವನ್ನು ಕಾವೇರಿ ವಿವಾದದ ಪೀಠಿಕೆಯೆಂದು ಓದುವುದು ರೂಢಿಯಾಗಿದೆ. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ನಿಯಮಗಳನ್ನು ಗಮನವಿಟ್ಟು ನೋಡಿದರೆ ಅದು ನದಿಗಳಷ್ಟೇ ಕೆರೆಗಳನ್ನೂ ಕುರಿತ ದಾಖಲೆಯೆಂಬುದು ತಿಳಿಯುತ್ತದೆ. ಹಾಳುಬಿದ್ದ ಕೆರೆಯನ್ನು ಮೇಲಿನ ಸೀಮೆಯವರು ಮತ್ತೆ ಕಟ್ಟಿಕೊಳ್ಳಲು ಕೆಳಗಿನ ಸೀಮೆಯವರ ಒಪ್ಪಿಗೆ ಬೇಕೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ಆ ಉತ್ತರದ ಸ್ವರೂಪವನ್ನೂ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಕ್ಷಿಣದ ಬಯಲುಸೀಮೆಯ ಕೆರೆ ಒಂಟಿಯಾದುದಲ್ಲ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತದೆ. ಮೇಲಿನದರ ಏರಿ ಒಡೆದರೆ ಕೆಳಗಿನದಕ್ಕೂ ಅಪಾಯ. ಈ ಸರಣಿ ಭಾಷೆಯ ಗಡಿಯನ್ನು ಅರಿಯದು. ಕನ್ನಡದಲ್ಲಿ 'ಏರಿ' ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಅದೇ ಪದಕ್ಕೆ ಕೆರೆಯೆಂದೇ ಅರ್ಥ. ಕೆರೆಯ ಪೋಷಣೆಗಾಗಿ ಭೂಮಿಯನ್ನೂ ಆದಾಯದ ಪಾಲನ್ನೂ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ, ವಿಜಯನಗರದ ಭಾಸ್ಕರ ಭವದೂರನ 1369ರ ಸಂಸ್ಕೃತ ಶಾಸನವು ಉತ್ತಮ ಕೆರೆಗೆ ಬೇಕಾದ ಅಂಗಗಳನ್ನೂ ಅದಕ್ಕೆ ತಗಲಬಹುದಾದ ದೋಷಗಳನ್ನೂ ಪಟ್ಟಿಮಾಡಿದೆ. ಕೆರೆ ಕಟ್ಟುವ ಶಾಸ್ತ್ರ ಹೀಗೆ ಹಲವು ನಾಡುಗಳ ಸಾಮಾನ್ಯ ಸೊತ್ತಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸರಣಿಯ ನಡುವೆ ಆಡಳಿತದ ಗೆರೆ ಬಿತ್ತು. ಮೈಸೂರಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳಿವೆಯೆಂದು ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದಿದ್ದರು. ಹತ್ತು ವರ್ಷಗಳಲ್ಲಿ 1876-78ರ ಭೀಕರ ಕ್ಷಾಮ ಬಂದಿತು. 1881ರಲ್ಲಿ ಆಡಳಿತ ಒಡೆಯರಿಗೆ ಮರಳಿದ ಮೇಲೆ ಸಂಸ್ಥಾನವು ನೀರಾವರಿ ಕಾಮಗಾರಿಗಳನ್ನು ಕೈಗೊಳ್ಳುತ್ತಿದ್ದಂತೆ, ತನ್ನ ಕಾಲುವೆಗಳಿಗೆ ಬರುವ ನೀರು ಕಡಿಮೆಯಾದೀತೆಂಬ ಆತಂಕವನ್ನು ಮದರಾಸು ಮುಂದಿಟ್ಟಿತು. 1890ರಲ್ಲಿ ಉದಕಮಂಡಲದಲ್ಲಿ ಸಭೆ ಸೇರಿತು. ಶೇಷಾದ್ರಿ ಅಯ್ಯರ್ ಆಗ ಮೈಸೂರಿನ ದಿವಾನರು. ಎರಡು ವರ್ಷಗಳ ಅನಂತರ ಒಪ್ಪಂದ ಸಿದ್ಧವಾಯಿತು.

ಅದರ ಮೊದಲ ಅನುಬಂಧದಲ್ಲಿ ಹದಿನೈದು ಮುಖ್ಯ ನದಿಗಳ ಹೆಸರುಗಳಿವೆ. ಕಾವೇರಿ, ತುಂಗಭದ್ರೆಗಳ ಜೊತೆಗೆ ಪಾಲಾರ್, ದಕ್ಷಿಣ ಪಿನಾಕಿನಿಗಳೂ ಸೇರಿವೆ. ಅನುಬಂಧಗಳಲ್ಲಿ ಹೇಳಿದ ನದಿ, ಹಳ್ಳ, ಜಲಾನಯನಗಳಲ್ಲಿ ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು 'ಹೊಸ' ಜಲಾಶಯ ಕಟ್ಟುವಂತಿಲ್ಲ. ಹಾಗಾದರೆ ಹೊಸದು ಯಾವುದು? ಹಿಂದೆಂದೂ ಇಲ್ಲದ ಕೆರೆ ಹೊಸದು. ಹಿಂದೆ ಇದ್ದು, ಪಾಳುಬಿದ್ದು, ಮೂವತ್ತು ವರ್ಷಗಳಿಗೂ ಮೀರಿ ಬಳಕೆ ತಪ್ಪಿದ ಕೆರೆಯೂ ಹೊಸದೇ. ಕೋಡಿಯ ಮಟ್ಟವನ್ನು ಏರಿಸುವುದು ಸಹ ದುರಸ್ತಿಯೆನಿಸಬಹುದಿತ್ತು. ಆದರೆ ಸಂಗ್ರಹವಾಗುವ ನೀರು ಅಥವಾ ಅಚ್ಚುಕಟ್ಟು, ಇವೆರಡರಲ್ಲಿ ಒಂದಾದರೂ ಹಿಂದಿನ ಪ್ರಮಾಣವನ್ನು ಮೀರಬಾರದು. ಮದರಾಸು ಕೂಡ ಮನಬಂದಂತೆ ಒಪ್ಪಿಗೆ ನಿರಾಕರಿಸುವಂತಿರಲಿಲ್ಲ. ವಾಸ್ತವವಾಗಿ ರೂಢಿಯಿಂದ ಬಂದ ಹಕ್ಕಿನ ರಕ್ಷಣೆಗಾಗಿ ಮಾತ್ರ ಹಾಗೆ ಮಾಡಬಹುದಿತ್ತು.

ಈ ವ್ಯಾಖ್ಯಾನದ ಗುಣವೊಂದನ್ನು ಒಪ್ಪಬೇಕು. ಜೀರ್ಣೋದ್ಧಾರಕ್ಕೂ ಹೊಸ ನಿರ್ಮಾಣಕ್ಕೂ ಗೆರೆ ಎಳೆದು, ಬಳಕೆಯಲ್ಲಿದ್ದ ಕೆರೆಯ ದುರಸ್ತಿಗೆ ಅದು ದಾರಿ ಬಿಟ್ಟಿತು. ಆದರೆ ಕೆರೆಯ ಆಯುಷ್ಯವನ್ನು ಮೂವತ್ತು ವರ್ಷಗಳ ಲೆಕ್ಕದಲ್ಲಿ ಅಳೆದುದು ಕಠಿಣವಾದ ಮಾತು. ಕ್ಷಾಮದಿಂದಲೋ ಬಡತನದಿಂದಲೋ ಊರವರು ಒಂದು ತಲೆಮಾರು ಕೈಚೆಲ್ಲಿದರೆ, ಶತಮಾನಗಳ ಕೆರೆಯೂ ಕಾನೂನಿನ ಕಣ್ಣಿನಲ್ಲಿ ಅಳಿದಂತೆಯೇ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಒಪ್ಪಂದವು ನೀರಿನ ಪ್ರಮಾಣವನ್ನು ಅಳೆಯಿತು, ಗುಣವನ್ನಲ್ಲ. ಮೇಲಿನವರನ್ನು ತಡೆಯಿತು; ಮೇಲಿನವರೂ ಕೆಳಗಿನವರೂ ಕೂಡಿ ಸರಣಿಯನ್ನು ಪೋಷಿಸುವ ವ್ಯವಸ್ಥೆಯನ್ನು ಕಲ್ಪಿಸಲಿಲ್ಲ. 1924ರ ಒಪ್ಪಂದದ ವೇಳೆಗೆ ಚರ್ಚೆಯೆಲ್ಲ ಕನ್ನಂಬಾಡಿ, ಮೆಟ್ಟೂರುಗಳಂಥ ಹಿರಿಯ ಅಣೆಕಟ್ಟುಗಳತ್ತ ಹೊರಳಿತು.

ಆ ಕೊರತೆಯ ಫಲ ಇಂದು ದಕ್ಷಿಣ ಪಿನಾಕಿನಿಯಲ್ಲಿ ಕಾಣುತ್ತಿದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಈ ನದಿಯನ್ನು ಸೇರಿ, ತಮಿಳುನಾಡಿನ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಇಳಿಯುತ್ತದೆ. 2015ರಲ್ಲಿ ಬೆಳ್ಳಂದೂರಿನಲ್ಲಿ ದೇಶದ ಗಮನ ಸೆಳೆದ ನೊರೆ, ಅನಂತರದ ವರ್ಷಗಳಲ್ಲಿ ಆ ಜಲಾಶಯದಲ್ಲಿಯೂ ಕಾಣಿಸಿತು. ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುವ ಜನರಿದ್ದಾರೆ; ಅಲ್ಲಿನ ಕನ್ನಡಿಗ ರೈತನಿಗೆ ಈ ನೀರು 'ಅವರದು', 'ನಮ್ಮದು' ಎಂದು ಬೇರೆಯಾಗಿ ಬರುವುದಿಲ್ಲ. ಇದೇ ನದಿಯ ಉಪನದಿಯಾದ ಮಾರ್ಕಂಡೇಯದ ಅಣೆಕಟ್ಟನ್ನು ಕುರಿತು 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ವ್ಯಾಜ್ಯದಲ್ಲಿ 1892ರ ಒಪ್ಪಂದವೇ ಮತ್ತೆ ಉಲ್ಲೇಖಗೊಂಡಿತು.

1971ರ ರಾಮ್ಸಾರ್ ಒಡಂಬಡಿಕೆಯ ಐದನೆಯ ವಿಧಿಯು ಒಂದೇ ಜಲವ್ಯವಸ್ಥೆಯನ್ನು ಹಂಚಿಕೊಂಡ ರಾಷ್ಟ್ರಗಳು ಪರಸ್ಪರ ಸಮಾಲೋಚಿಸಬೇಕೆನ್ನುತ್ತದೆ. ಮನುಷ್ಯನಿರ್ಮಿತ ಕೆರೆಗಳೂ ಅದರ ದೃಷ್ಟಿಯಲ್ಲಿ ಜೌಗುನೆಲೆಗಳೇ. ಕರ್ನಾಟಕದ ಮಾಗಡಿ ಮತ್ತು ಅಂಕಸಮುದ್ರ ಕೆರೆಗಳು 2024ರಲ್ಲಿ ಅದರ ಪಟ್ಟಿ ಸೇರಿದುದು ಇದಕ್ಕೆ ಸಾಕ್ಷಿ. ಆದರೆ ನಮ್ಮ 2017ರ ಜೌಗುನೆಲೆ ನಿಯಮಗಳು ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಖ್ಯಾನದಿಂದ ಹೊರಗಿಟ್ಟಿವೆ. ದಕ್ಷಿಣದ ಬಹುಪಾಲು ಕೆರೆಗಳು ನೀರಾವರಿಗಾಗಿಯೇ ಹುಟ್ಟಿದವು.

1892ರಲ್ಲಿ ಎರಡು ಸರ್ಕಾರಗಳು ಕೆರೆಗಳ ಬಗ್ಗೆ ಒಂದೆಡೆ ಕುಳಿತು ಮಾತನಾಡಲು ಸಾಧ್ಯವಾಗಿತ್ತು. ಅವು ನಿಷೇಧವನ್ನು ಬರೆದವು, ಪೋಷಣೆಯನ್ನು ಬರೆಯದೆ ಬಿಟ್ಟವು. ಒಂದೇ ಸರಣಿಯ ಊರುಗಳನ್ನು ರಾಜ್ಯದ ಗೆರೆಯಾಚೆಗೂ ಕೂಡಿಸಿ, ಹೂಳು, ಕೊಳಕು, ಒತ್ತುವರಿಗಳಿಗೆ ಜಂಟಿ ಹೊಣೆ ನಿಗದಿಮಾಡುವುದು ಆ ಒಪ್ಪಂದದ ಬರೆಯದ ಅರ್ಧ. ಆ ಅರ್ಧವನ್ನು ಪೂರೈಸದೆ ಒಂದೊಂದೇ ಕೆರೆಯ ಹೂಳೆತ್ತಿದರೆ, ಮೇಲಿನ ಕೋಡಿಯಿಂದ ಇಳಿಯುವ ಕೊಳಕು ಕೆಳಗಿನ ಕೆರೆಯನ್ನು ಮತ್ತೆ ಸೇರುವುದು ನಿಶ್ಚಿತ.