ಉಚಿತ ತಂತ್ರಾಂಶ, ಉಚಿತವಾದ ಬೆಲೆ

ಕನ್ನಡದಲ್ಲಿ ‘ಉಚಿತ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ‘ಉಚಿತ ಪ್ರವೇಶ’ ಎಂದರೆ ಹಣ ಕೊಡಬೇಕಾಗಿಲ್ಲ. ‘ಉಚಿತವಾದ ಮಾತು’ ಎಂದರೆ ಯೋಗ್ಯವಾದ ಮಾತು. ಸಂಸ್ಕೃತದಿಂದ ಬಂದ ಮೂಲಾರ್ಥ ಎರಡನೆಯದು. ಔಚಿತ್ಯ, ಸಮುಚಿತ, ಯಥೋಚಿತ ಎಂಬ ಪದಗಳಲ್ಲಿ ಅದು ಇಂದಿಗೂ ಉಳಿದಿದೆ. ತರಗತಿಯಲ್ಲಿ ಇದನ್ನು ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಈಗ ಇದನ್ನು ಎತ್ತಲು ಕಾರಣವುಂಟು. ತಾಲ್ಲೂಕು ಕೇಂದ್ರವೊಂದರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಟ್ಟು ಕೂಲಿ ಪಡೆಯುತ್ತಾನೆ. ‘ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೇಳುವುದು ಮೋಸವಲ್ಲವೇ?’ ಎಂದು ಗಿರಾಕಿಯೊಬ್ಬರು ಅವನನ್ನು ನಾಲ್ಕು ಜನರೆದುರು ಆಕ್ಷೇಪಿಸಿದರಂತೆ. ‘ಸಾರ್, ಇದು ತಪ್ಪೇ?’ ಎಂದು ನನ್ನನ್ನು ಕೇಳಿದ. ಈ ಪ್ರಶ್ನೆ ಹೊಸದಲ್ಲ. ಮುಕ್ತ ತಂತ್ರಾಂಶದ ಇತಿಹಾಸದಷ್ಟೇ ಹಳೆಯದು.

ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್, ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ ವ್ಯವಸ್ಥೆಯೊಂದನ್ನು ಕಟ್ಟಬೇಕೆಂದು 1984ರ ಜನವರಿಯಲ್ಲಿ ಎಂಐಟಿಯ ನೌಕರಿಯನ್ನು ಬಿಟ್ಟರು. ತಾವು ಬರೆದದ್ದರ ಮೇಲೆ ಸಂಸ್ಥೆ ಹಕ್ಕು ಸ್ಥಾಪಿಸಬಾರದೆಂಬುದು ಅವರ ಉದ್ದೇಶ. ಸಂಬಳ ನಿಂತಿತು. 1985ರಲ್ಲಿ ಅವರ ‘ಗ್ನು ಈಮ್ಯಾಕ್ಸ್’ ಎಂಬ ಬರಹ ಸಂಪಾದಕ ಸಿದ್ಧವಾಯಿತು. ಅಂತರಜಾಲ ಸಂಪರ್ಕವಿದ್ದವರು ಅದನ್ನು ಹಣವಿಲ್ಲದೆ ಪಡೆಯಬಹುದಿತ್ತು. ಆದರೆ ಅಂದು ಬಹುಮಂದಿಗೆ ಆ ಸಂಪರ್ಕವೇ ಇರಲಿಲ್ಲ. ಅಂಥವರಿಗೆ ಅವರು 150 ಡಾಲರ್ ಪಡೆದು ಟೇಪಿನಲ್ಲಿ ಪ್ರತಿ ಮಾಡಿ ಕಳುಹಿಸಿದರು. ತಿಂಗಳಿಗೆ ಎಂಟು ಹತ್ತು ಬೇಡಿಕೆಗಳು ಬರತೊಡಗಿದವು. ಮಿತವ್ಯಯಿಯಾದ ಅವರ ಜೀವನಕ್ಕೆ ಅಷ್ಟು ಸಾಕಿತ್ತು. ಮುಕ್ತ ತಂತ್ರಾಂಶದ ಪ್ರವರ್ತಕರೇ ಅದನ್ನು ಮಾರಿ ಬದುಕಿದರು ಎಂಬುದು ಗಮನಾರ್ಹ.

ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೂ ಬೆಲೆಯಿಲ್ಲದ್ದು, ಸ್ವತಂತ್ರವಾದದ್ದು ಎಂಬ ಎರಡು ಅರ್ಥಗಳಿವೆ. ಸ್ಟಾಲ್ಮನ್ನರು ಹೇಳಿದ್ದು ಎರಡನೆಯದನ್ನು. ಅವರು 1989ರಲ್ಲಿ ರೂಪಿಸಿದ ಜಿಪಿಎಲ್ ಎಂಬ ಪರವಾನಗಿಯು, ಪ್ರತಿ ಮಾಡಿಕೊಡುವ ಕೆಲಸಕ್ಕೆ ಶುಲ್ಕ ಪಡೆಯಲು ಸ್ಪಷ್ಟವಾಗಿ ಅನುಮತಿ ನೀಡುತ್ತದೆ. ಖಾತರಿ ಕೊಡುವವರು ಅದಕ್ಕೂ ಹಣ ಪಡೆಯಬಹುದು. ಆದರೆ ಕೊಂಡವನಿಗೆ ಮೂಲ ಸಂಕೇತವನ್ನು ನಿರಾಕರಿಸುವಂತಿಲ್ಲ. ಅವನು ಅದನ್ನು ಮತ್ತೊಬ್ಬರಿಗೆ ಹಂಚುವುದನ್ನು ತಡೆಯುವಂತಿಲ್ಲ. ಬೆಲೆಗೆ ಕಡಿವಾಣವಿರುವುದು ಇಲ್ಲಿಯೇ. ಅತಿಯಾಗಿ ಕೇಳಿದರೆ ಜನ ನೆರೆಮನೆಯವನಿಂದ ಪ್ರತಿ ಪಡೆಯುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ದಾರಿಯನ್ನೂ ಒಬ್ಬರು ಪ್ರಯೋಗಿಸಿ ನೋಡಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬಿಡುಗಡೆ ಮಾಡಿದಾಗ, ಯಾರೂ ಅದಕ್ಕೆ ಹಣ ಪಡೆಯಕೂಡದು, ಸಾಗಣೆಯ ಖರ್ಚನ್ನು ಸಹ ಕೇಳಕೂಡದು ಎಂಬ ಷರತ್ತು ಹಾಕಿದ್ದರು. ಉದ್ದೇಶ ಉದಾತ್ತವೇ. ಆದರೆ ಫ್ಲಾಪಿಗಳಲ್ಲಿ ಪ್ರತಿ ಮಾಡಿ ಹಂಚಬಯಸಿದವರು ಆ ಖರ್ಚನ್ನು ಕೈಯಿಂದಲೇ ಭರಿಸಬೇಕಾಯಿತು. ಉದಾರ ನಿಯಮವೇ ಹಂಚಿಕೆಗೆ ಅಡ್ಡಿಯಾಯಿತು. 1992ರ ಆರಂಭದಲ್ಲಿ ಟೊರ್ವಾಲ್ಡ್ಸ್ ಆ ಷರತ್ತನ್ನು ಕೈಬಿಟ್ಟು ಜಿಪಿಎಲ್ ಅನ್ನು ಅಂಗೀಕರಿಸಿದರು. ಲಿನಕ್ಸ್ ಲೋಕವ್ಯಾಪಿಯಾಗಲು ಈ ಬದಲಾವಣೆ ಬಹಳ ನೆರವಾಯಿತು.

ಅದಕ್ಕೂ ಮೊದಲೇ, 1989ರಲ್ಲಿ, ಮೂವರು ಸೇರಿ ಸಿಗ್ನಸ್ ಎಂಬ ಸಂಸ್ಥೆಯನ್ನು ಆರಂಭಿಸಿದ್ದರು. ಮುಕ್ತ ತಂತ್ರಾಂಶಕ್ಕೆ ದುರಸ್ತಿ, ಬೆಂಬಲ, ಮಾರ್ಪಾಡುಗಳನ್ನು ಒದಗಿಸುವುದೇ ಅದರ ವ್ಯಾಪಾರ. ಅದನ್ನು 1999ರಲ್ಲಿ ರೆಡ್ ಹ್ಯಾಟ್ ಕೊಂಡಿತು. ಅದೇ ಮಾರ್ಗದಲ್ಲಿ ಬೆಳೆದ ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರಿಗೆ ಖರೀದಿಸಿತು. ಗಿರಾಕಿಗಳು ಈ ಸಂಸ್ಥೆಗಳಿಗೆ ಹಣ ಕೊಟ್ಟದ್ದು ಮುಖ್ಯವಾಗಿ ಕೆಟ್ಟಾಗ ಬಂದು ನೋಡುವವರೊಬ್ಬರು ಇದ್ದಾರೆಂಬ ಭರವಸೆಗೆ.

ತಾಲ್ಲೂಕಿನ ಅಂಗಡಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಹಳೆಯ ಕಡತಗಳನ್ನು ಜೋಪಾನವಾಗಿ ತೆಗೆದಿರಿಸುವುದು, ಪ್ರಿಂಟರಿಗೆ ತಕ್ಕ ಚಾಲಕ ತಂತ್ರಾಂಶ ಹುಡುಕುವುದು, ಕನ್ನಡ ಕೀಲಿಮಣೆ ಹೊಂದಿಸುವುದು, ಬಳಕೆದಾರರ ಪಕ್ಕದಲ್ಲಿ ಕುಳಿತು ಕಲಿಸಿಕೊಡುವುದು — ಇವೆಲ್ಲ ಅರ್ಧ ದಿನದ ದುಡಿಮೆ. ಕಾಗುಣಿತ ಯಾರ ಸ್ವತ್ತೂ ಅಲ್ಲ. ಆದರೂ ಅದನ್ನು ಕಲಿಸಿದ್ದಕ್ಕೆ ಸರ್ಕಾರ ನನಗೆ ಸಂಬಳ ಕೊಟ್ಟಿತು, ಈಗ ಪಿಂಚಣಿ ಕೊಡುತ್ತಿದೆ. ಅದನ್ನು ಯಾರೂ ಮೋಸವೆಂದಿಲ್ಲ. ನನಗೆ ಸಲ್ಲುವ ನ್ಯಾಯ ನನ್ನ ಶಿಷ್ಯನಿಗೆ ಸಲ್ಲದೇಕೆ?

ಮೋಸವಾಗುವ ಸಂದರ್ಭವೂ ಇದೆ. ತಂತ್ರಾಂಶ ಮುಕ್ತವೆಂಬುದನ್ನು ಮುಚ್ಚಿಟ್ಟು, ‘ಇದು ದುಬಾರಿ ಸರಕು’ ಎಂದು ನಂಬಿಸಿ ಹಣ ಕೀಳುವುದು ಮೋಸವೇ. ಆದ್ದರಿಂದ ಅವನಿಗೆ ಹೇಳಿದ್ದು ಇಷ್ಟು: ‘ರಸೀದಿಯಲ್ಲಿ ತಂತ್ರಾಂಶದ ಮುಂದೆ ಸೊನ್ನೆ ಬರೆ, ಕೂಲಿಯ ಮುಂದೆ ನಿನ್ನ ದರ ಬರೆ. ದರವನ್ನು ಕೆಲಸಕ್ಕೆ ಮೊದಲೇ ತಿಳಿಸು. ಮುಂದಿನ ಸಲ ತಾವೇ ಹಾಕಿಕೊಳ್ಳಬಯಸುವವರಿಗೆ ದಾರಿ ತೋರಿಸು.’

‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಗಾದೆ ನಗಿಸುತ್ತದೆ. ಆದರೆ ತಂದುಕೊಟ್ಟವನ ಬೆವರನ್ನೂ ಪುಕ್ಕಟೆಯ ಲೆಕ್ಕಕ್ಕೆ ಸೇರಿಸಿದರೆ ನಾಳೆ ತರುವವನೇ ಇರುವುದಿಲ್ಲ. ತಂತ್ರಾಂಶ ಉಚಿತವಾಗಿ ಸಿಗಲಿ. ದುಡಿಮೆಗೆ ಉಚಿತವಾದ ಬೆಲೆಯೂ ಸಿಗಲಿ.