ಹಂತಿ ನಿಂತ ಮೇಲೆ

ನೋಡಿ, ನಮ್ಮ ಬುಲೆಟಿನ್‌ನಲ್ಲಿ ರೈತ ಕಾಣಿಸಿಕೊಳ್ಳೋದು ಯಾವಾಗ? ಕಬ್ಬಿನ ಬಾಕಿ ಬರಲಿಲ್ಲ ಅಂತ ರಸ್ತೆಗೆ ಕೂತಾಗ. ಜನಪದ ಹಾಡುಗಾರ? ನವೆಂಬರ್ ಒಂದಕ್ಕೆ, ಜಾಹೀರಾತಿಗೆ ಮುಂಚಿನ ಎರಡು ನಿಮಿಷ. ಇಬ್ಬರೂ ಒಬ್ಬನೇ ಮನುಷ್ಯನಾಗಿದ್ದ ಕಾಲವೊಂದಿತ್ತು. ಅದನ್ನು ನಾನೂ ಇಷ್ಟು ದಿನ ಹೇಳಿರಲಿಲ್ಲ.

ಮೂಡಲಗಿ ಪಕ್ಕದ ತುಕ್ಕಾನಟ್ಟಿ ಸೀಮೆಯನ್ನೇ ತೆಗೆದುಕೊಳ್ಳಿ. ಎರಿ ಹೊಲದ ಜೋಳ ಕೊಯ್ದು ಕಣಕ್ಕೆ ತಂದರೆ, ನಡುವೆ ಮೇಟಿ, ಸುತ್ತ ತೆನೆ, ತೆನೆಯ ಮೇಲೆ ಸಾಲುಗಟ್ಟಿದ ಎತ್ತು. ಅದೇ ಹಂತಿ. ರಾತ್ರಿಯಿಡೀ ಎತ್ತು ತಿರುಗಬೇಕು, ಹಿಂದಿನವನಿಗೆ ನಿದ್ದೆ ಬರಬಾರದು. ಅದಕ್ಕೇ ಹಾಡು. ಒಬ್ಬ ಎತ್ತಿಕೊಂಡರೆ ಉಳಿದವರು ಸೊಲ್ಲು ಹಿಡಿಯೋರು. ಬಸವಣ್ಣನ ಕಥೆ, ಎತ್ತಿನ ಗುಣ, ಭೂಮಿತಾಯಿ, ಮಳೆ. ನೆನಪಿಗೆ ಬಾರದ ಕಡೆ ಹಾಡುಗಾರ ತಾನೇ ಕಟ್ಟಿ ಸೇರಿಸೋನು. ಹೆಸರು ಬರೆದಿಟ್ಟವರಿಲ್ಲ. ಅವನಿಗೆ ಸುಸ್ಥಿರ ಕೃಷಿ ಅನ್ನೋ ಪದ ಗೊತ್ತಿರಲಿಲ್ಲ. ಆದರೆ ಜೋಳದ ನಡುವೆ ಕುಸುಬೆಯ ಅಕ್ಕಡಿ ಸಾಲು, ಎತ್ತಿಗೆ ಕಣಿಕೆ, ಹೊಲಕ್ಕೆ ಸಗಣಿ, ಮುಂದಿನ ವರ್ಷಕ್ಕೆ ಬೀಜ... ಇದೆಲ್ಲ ಅವನ ಬದುಕು, ಅದೇ ಅವನ ಹಾಡು. ಎಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಬರ ಬಂದರೆ ಕಣವೂ ಇಲ್ಲ, ಪದವೂ ಇಲ್ಲ.

ಈ ನೆಲ ಪದ ಕಟ್ಟೋದರಲ್ಲಿ ಬಡವಾಗಿರಲಿಲ್ಲ. ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣ ಕುಲಗೋಡದವರು. ಅದನ್ನು ಮನೆಮಾತು ಮಾಡಿದ ನಿಂಗಮ್ಮ ಕೌಜಲಗಿಯವರು. ಆನಂದಕಂದ, ಅಂದರೆ ಬೆಟಗೇರಿ ಕೃಷ್ಣಶರ್ಮರು, 1900ರಲ್ಲಿ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಹುಟ್ಟಿ ಹಳ್ಳಿಯ ಮಾತಿನಲ್ಲೇ ಕವಿತೆ ಬರೆದರು. ಮುರಗೋಡದ ಹುಕ್ಕೇರಿ ಬಾಳಪ್ಪನವರ ಕಂಠ ಅಂಥ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿತು.

ಹಾಗಾದರೆ ಹಂತಿಯ ಹಾಡುಗಾರ ಎಲ್ಲಿ ಹೋದ? ಟಿವಿ ನುಂಗಿತು ಅಂತೀವಿ. ಅರ್ಧ ಸತ್ಯ. ಘಟಪ್ರಭೆಗೆ 1897ರಲ್ಲೇ ಧೂಪದಾಳದಲ್ಲಿ ಒಡ್ಡು ಬಿತ್ತು, ಆಮೇಲೆ ಹಿಡಕಲ್ ಜಲಾಶಯ ಬಂತು. ನೀರು ಬಂತು, ಹೊಟ್ಟೆ ತುಂಬಿತು, ಅದನ್ನು ಹಗುರವಾಗಿ ಮಾತಾಡೋ ಹಕ್ಕು ನನಗಿಲ್ಲ. ನೀರಿನ ಜೊತೆ ಕಬ್ಬು ಬಂತು. ಕಬ್ಬಿಗೆ ಕಣ ಬೇಡ ಸ್ವಾಮಿ! ಕಡಿ, ಟ್ರ್ಯಾಕ್ಟರಿಗೆ ಹೇರು, ಕಾರ್ಖಾನೆಗೆ ಕಳಿಸು. ಕಣ ಹೋಯ್ತು, ಹಂತಿ ಹೋಯ್ತು. ಉಳಿದಷ್ಟು ಜೋಳಕ್ಕೆ ರಾಶಿ ಮಷಿನ್ ಬಂತು. ಎತ್ತು ಕಡಿಮೆಯಾದ ಮೇಲೆ ತಿಪ್ಪೆಯೂ ಸಣ್ಣದಾಯ್ತು. ಅತಿ ನೀರು ನಿಂತ ಕಡೆ ಸವಳು-ಜವಳು.

ಅಮೆರಿಕದಲ್ಲಿ ಸಾಲದಲ್ಲಿ ಮುಳುಗಿದ ರೈತರಿಗಾಗಿ 1985ರ ಸೆಪ್ಟೆಂಬರ್ 22ರಂದು ವಿಲ್ಲಿ ನೆಲ್ಸನ್, ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಸೇರಿ 'ಫಾರ್ಮ್ ಏಡ್' ಅನ್ನೋ ಸಂಗೀತ ಕಾರ್ಯಕ್ರಮ ಮಾಡಿದರು. ಇವತ್ತಿಗೂ ಅದು ನಡೀತಿದೆ. ಅಲ್ಲಿ ಹಾಡುಗಾರ ರೈತನನ್ನು ಹುಡುಕಿಕೊಂಡು ಹೋದ. ನಮ್ಮಲ್ಲಿ ಹುಡುಕೋ ಅಗತ್ಯವೇ ಇರಲಿಲ್ಲ, ಇಬ್ಬರೂ ಒಂದೇ ಕಂಬಳಿ ಹೊದ್ದಿದ್ದರು.

ಈಗ ತುಕ್ಕಾನಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಕಬ್ಬಿನ ರವದಿ ಸುಡಬೇಡಿ, ಮಣ್ಣಿಗೇ ಸೇರಿಸಿ ಅಂತ ವಿಜ್ಞಾನಿಗಳು ಎಲ್ಲ ಕಡೆ ಹೇಳ್ತಾರೆ. ಸರಿಯಾದ ಮಾತು. ನಮ್ಮ ಚಾನೆಲ್‌ಗಳಲ್ಲಿ ಅದು ಕೆಳಗಿನ ಪಟ್ಟಿಯಲ್ಲಿ ಒಂದು ಸಾಲಾಗಿ ಓಡಿ ಹೋಗುತ್ತೆ. ಅದನ್ನೇ ಒಬ್ಬ ಪದ ಕಟ್ಟಿ ಹಾಡಿದರೆ ಎರಡು ನಿಮಿಷ ಅಲ್ಲ, ಪೂರ್ತಿ ಅರ್ಧ ಗಂಟೆ ಕೊಡೋಣ ಅಂತ ಮೊನ್ನೆ ಮೀಟಿಂಗ್‌ನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ.